ಟೆಟ್ ಮತ್ತು ಗಣಿತ ಶಿಕ್ಷಕರ ತರಬೇತಿ: ಮಾಕ್ ಟೆಸ್ಟ್‌ನ ಅಂಕ ನೋಡಿದ್ದು ಸಾಕು, ತಪ್ಪು ನೋಡುವುದು ಯಾವಾಗ?

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ಬಿಸಿ ಶಾಲೆಗಳ ಸ್ಟಾಫ್ ರೂಮ್‌ಗಳಲ್ಲಿ ಇನ್ನೂ ಆರಿಲ್ಲ. ನ್ಯಾಯಮೂರ್ತಿಗಳಾದ ದೀಪಂಕರ್ ದತ್ತಾ ಮತ್ತು ಮನಮೋಹನ್ ಅವರ ಪೀಠ ಹೇಳಿದ್ದು ಇಷ್ಟು: ಒಂದರಿಂದ ಎಂಟನೇ ತರಗತಿಯವರೆಗೆ ಪಾಠ ಮಾಡುವವರು ಟೆಟ್, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಿರಬೇಕು. ಶಿಕ್ಷಣ ಹಕ್ಕು ಕಾಯ್ದೆ ಬರುವ ಮೊದಲೇ ಕೆಲಸಕ್ಕೆ ಸೇರಿದವರಿಗೂ ಇದು ಅನ್ವಯ. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಬಾಕಿ ಇರುವವರು ಎರಡು ವರ್ಷದೊಳಗೆ ಪಾಸಾಗಬೇಕು, ಇಲ್ಲದಿದ್ದರೆ ಕೆಲಸ ಬಿಡಬೇಕು. ಐದು ವರ್ಷಕ್ಕಿಂತ ಕಡಿಮೆ ಇರುವವರು ನಿವೃತ್ತಿವರೆಗೆ ಮುಂದುವರಿಯಬಹುದು, ಆದರೆ ಬಡ್ತಿ ಬೇಕಾದರೆ ಅವರಿಗೂ ಟೆಟ್ ಬೇಕು.

ಈ ಪ್ರಕರಣದ ಹೆಸರೇ ಸಮುದಾಯದ ಗಮನ ಸೆಳೆಯುವಂಥದ್ದು: ಅಂಜುಮನ್ ಇಶಾತ್-ಎ-ತಾಲೀಮ್ ಟ್ರಸ್ಟ್ ಮತ್ತು ಮಹಾರಾಷ್ಟ್ರ ಸರ್ಕಾರ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯವಾಗುವುದಿಲ್ಲ ಅಂತ 2014ರಲ್ಲಿ ಪ್ರಮತಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತೀರ್ಪು ಕೊಟ್ಟಿತ್ತು. ಅದು ಸರಿಯೇ ಎಂಬ ಪ್ರಶ್ನೆಯನ್ನು ಈಗಿನ ಪೀಠ ಎತ್ತಿ, ದೊಡ್ಡ ಪೀಠದ ಮುಂದೆ ಇಡಲು ಮುಖ್ಯ ನ್ಯಾಯಮೂರ್ತಿಗಳಿಗೆ ಕಳುಹಿಸಿತು. ಅಲ್ಲಿ ತೀರ್ಮಾನ ಆಗುವವರೆಗೆ ಅಲ್ಪಸಂಖ್ಯಾತ ಶಾಲೆಗಳ ಶಿಕ್ಷಕರಿಗೆ ಉಸಿರಾಡಲು ಜಾಗ ಇದೆ. ಉಳಿದವರ ವಿಷಯದಲ್ಲಿ ಸರ್ಕಾರಗಳು, ಶಿಕ್ಷಕ ಸಂಘಟನೆಗಳು ಪುನರ್‌ಪರಿಶೀಲನೆ ಕೋರಿ ಮತ್ತೆ ಕೋರ್ಟ್ ಮೆಟ್ಟಿಲೇರಿವೆ. ಆದರೆ ತೀರ್ಪಿನಲ್ಲಿ ಹೇಳಿದ ಎರಡು ವರ್ಷವನ್ನು ಲೆಕ್ಕ ಹಾಕಿದರೆ ಅದು 2027ರ ಆಗಸ್ಟ್ ಕೊನೆಗೆ ತುಂಬುತ್ತದೆ.

ಇಷ್ಟಾದ ಮೇಲೆ ಮಾರುಕಟ್ಟೆ ಸುಮ್ಮನಿರುತ್ತದೆಯೇ? ಮೊಬೈಲ್ ತೆರೆದರೆ ಸಾಕು, ಟೆಟ್ ಮಾಕ್ ಟೆಸ್ಟ್. ವಾಟ್ಸಾಪ್ ಗ್ರೂಪ್‌ನಲ್ಲಿ ಮಾಕ್ ಟೆಸ್ಟ್, ಟೆಲಿಗ್ರಾಂನಲ್ಲಿ ಪಿಡಿಎಫ್, ಆ್ಯಪ್‌ನಲ್ಲಿ ದುಡ್ಡು ಕೊಟ್ಟರೆ ಇನ್ನಷ್ಟು. ಡಿ.ಎಲ್.ಎಡ್, ಬಿ.ಎಡ್ ಮುಗಿಸಿ ಮನೆಯಲ್ಲಿ ಕೂತ ಹೆಣ್ಣುಮಕ್ಕಳಿಂದ ಹಿಡಿದು, ಇಪ್ಪತ್ತು ವರ್ಷ ಪಾಠ ಮಾಡಿ ಈಗ ಓಎಂಆರ್ ಶೀಟಿನ ಮುಂದೆ ಕೂರಬೇಕಾಗಿ ಬಂದ ಮೇಷ್ಟ್ರುಗಳವರೆಗೆ ಎಲ್ಲರೂ ಇದನ್ನು ಬರೆಯುತ್ತಿದ್ದಾರೆ. ಬರೆದ ಮೇಲೆ ಒಂದು ಅಂಕ ಬರುತ್ತದೆ. 78. ಮುಂದಿನ ವಾರ 81. ಅದರ ಮುಂದಿನ ವಾರ 77. ಅಲ್ಲಿಗೆ ಮುಗಿಯಿತು.

ಒಬ್ಬ ಅಂಗಡಿಯವನು ವರ್ಷದ ಕೊನೆಗೆ ಸ್ಟಾಕ್ ಲೆಕ್ಕ ಮಾಡುತ್ತಾನೆ ಅಂತ ಇಟ್ಟುಕೊಳ್ಳಿ. ‘ಈ ವರ್ಷ ನಲವತ್ತು ಸಾವಿರ ನಷ್ಟ’ ಎಂದಷ್ಟೇ ಬರೆದು ಪುಸ್ತಕ ಮುಚ್ಚಿದರೆ ಅವನಿಗೆ ಏನು ತಿಳಿಯಿತು? ಯಾವ ಸರಕಿನಲ್ಲಿ ಹೋಯಿತು, ಸಾಲಕ್ಕೆ ಕೊಟ್ಟದ್ದರಲ್ಲಿ ಹೋಯಿತೋ, ಕೆಟ್ಟು ಹೋಯಿತೋ, ತೂಕದಲ್ಲಿ ಹೋಯಿತೋ ಅಂತ ಪುಟ ತಿರುವಿ ನೋಡಿದಾಗಲ್ವಾ ಮುಂದಿನ ವರ್ಷ ಅಂಗಡಿ ನಿಲ್ಲುವುದು. ಮಾಕ್ ಟೆಸ್ಟ್ ವಿಷಯದಲ್ಲಿ ಇವತ್ತು ಎಲ್ಲರೂ ಮೊದಲನೆಯದನ್ನೇ ಮಾಡುತ್ತಿದ್ದಾರೆ. ಬರೆಯುವವರೂ, ಬರೆಸುವವರೂ. ಇದರ ಹೊಡೆತ ಹೆಚ್ಚು ಬೀಳುವುದು ಗಣಿತದ ಮೇಲೆ.

ಗಣಿತ ಬಾರದೆಯೂ ಪಾಸು

ಪರೀಕ್ಷೆಯ ಲೆಕ್ಕಾಚಾರವನ್ನೇ ಸ್ವಲ್ಪ ನೋಡೋಣ. ಕೇರಳದ ಕೆ-ಟೆಟ್‌ನಲ್ಲಿ ನಾಲ್ಕು ವಿಭಾಗಗಳಿವೆ. ಎಲ್‌ಪಿ ಶಾಲೆಗೆ ಒಂದನೆಯದು, ಯುಪಿಗೆ ಎರಡನೆಯದು, ಹೈಸ್ಕೂಲಿಗೆ ಮೂರನೆಯದು, ಭಾಷೆ ಮತ್ತು ವಿಶೇಷ ಶಿಕ್ಷಕರಿಗೆ ನಾಲ್ಕನೆಯದು. ಒಂದನೇ ವಿಭಾಗದಲ್ಲಿ 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ಅಂದರೆ ಒಂದು ಪ್ರಶ್ನೆಗೆ ಒಂದೇ ನಿಮಿಷ. ಮಕ್ಕಳ ಬೆಳವಣಿಗೆ ಮತ್ತು ಬೋಧನೆ 30, ಎರಡು ಭಾಷೆ ತಲಾ 30, ಪರಿಸರ ಅಧ್ಯಯನ 30, ಗಣಿತ 30. ಕೇಂದ್ರದ ಸಿ-ಟೆಟ್‌ನ ಮೊದಲ ಪತ್ರಿಕೆಯೂ ಇದೇ ಅಳತೆಯದು. ಪಾಸಾಗಲು ಸಾಮಾನ್ಯ ವರ್ಗಕ್ಕೆ ಶೇ. 60, ಅಂದರೆ 90 ಅಂಕ. ಕೇರಳದಲ್ಲಿ ಪರಿಶಿಷ್ಟರು ಮತ್ತು ಹಿಂದುಳಿದ ವರ್ಗದವರಿಗೆ ಶೇ. 55, ಅಂದರೆ 82. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನೋಡುವುದು ಒಟ್ಟು ಅಂಕವನ್ನು. ಗಣಿತದಲ್ಲಿ ಇಷ್ಟು ಬರಲೇಬೇಕು ಎಂಬ ಕಟ್ಟು ಇಲ್ಲ.

ಈಗ ಗಣಿತದ 30 ಪ್ರಶ್ನೆಗಳನ್ನು ಓದದೆಯೇ ಕಣ್ಣುಮುಚ್ಚಿ ಗುರುತು ಹಾಕಿದವರನ್ನು ಊಹಿಸಿ. ನಾಲ್ಕು ಆಯ್ಕೆಯಲ್ಲಿ ಒಂದು ಸರಿ, ಹಾಗಾಗಿ ಸರಾಸರಿ ಏಳೋ ಎಂಟೋ ಅಂಕ ಪುಕ್ಕಟೆ ಬಂದೀತು. ಉಳಿದ 120ರಲ್ಲಿ 75 ತೆಗೆದರೆ 82 ಆಯಿತು. ಅಂದರೆ ಭಿನ್ನರಾಶಿ ಕಂಡರೆ ಬೆವರುವವರು ಕೂಡ ಮೂರನೇ ತರಗತಿಗೆ ಗಣಿತ ಕಲಿಸುವ ಅರ್ಹತಾ ಪತ್ರ ಪಡೆಯಬಹುದು. ಕೋಚಿಂಗ್‌ನವರಿಗೆ ಇದು ಚೆನ್ನಾಗಿ ಗೊತ್ತು. ‘ಮ್ಯಾಥ್ಸ್ ಕಷ್ಟ ಅನ್ನಿಸಿದರೆ ಬಿಡಿ, ಸೈಕಾಲಜಿ ಮತ್ತು ಭಾಷೆ ಗಟ್ಟಿ ಮಾಡಿಕೊಳ್ಳಿ’ ಎಂಬ ಸಲಹೆ ಅಲ್ಲಿಂದಲೇ ಹುಟ್ಟುವುದು. ಪಾಸಾಗುವುದೊಂದೇ ಗುರಿಯಾದರೆ ಸಲಹೆ ಸರಿಯೇ. ಆದರೆ ಎಲ್‌ಪಿ ಶಾಲೆಯಲ್ಲಿ ಗಣಿತಕ್ಕೆ ಅಂತ ಬೇರೆ ಟೀಚರ್ ಇರುವುದಿಲ್ಲ. ಭಾಷೆ ಗಟ್ಟಿ ಮಾಡಿಕೊಂಡು ಪಾಸಾದವರೇ ಅಲ್ಲಿ ಗಣಿತವನ್ನೂ ಮಾಡಬೇಕು.

ಮಾಕ್ ಟೆಸ್ಟ್‌ನಲ್ಲಿ 84 ಬಂದಾಗ ‘ಪಾಸ್’ ಅಂತ ಹಸಿರು ಬಣ್ಣದಲ್ಲಿ ತೋರಿಸುವ ಆ್ಯಪ್, ಆ 84ರಲ್ಲಿ ಗಣಿತದ್ದು ಎಂಟು ಎಂಬುದನ್ನು ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ತರಬೇತಿ ಸಂಸ್ಥೆಗಳಲ್ಲೂ ಹೀಗೇ ಆದರೆ ಪರೀಕ್ಷೆ ಇದ್ದೂ ಇಲ್ಲದ ಹಾಗೆ.

ಸಕ್ಕರೆ ಪೊಟ್ಟಣದ ಲೆಕ್ಕ

ಗಣಿತ ಗೊತ್ತಿರುವುದು ಬೇರೆ, ಗಣಿತ ಕಲಿಸಲು ಗೊತ್ತಿರುವುದು ಬೇರೆ ಎಂಬುದು ಹಳೆಯ ಮಾತು. ಅದನ್ನು ಲೆಕ್ಕ ಹಾಕಿ ತೋರಿಸಿದವರಲ್ಲಿ ಲಿಪಿಂಗ್ ಮಾ ಒಬ್ಬರು. ಅವರು 23 ಅಮೆರಿಕನ್ ಮತ್ತು 72 ಚೀನಿ ಪ್ರಾಥಮಿಕ ಶಿಕ್ಷಕರಿಗೆ ಕೆಲವು ಸರಳ ಪ್ರಶ್ನೆ ಕೇಳಿ, ಸಿಕ್ಕ ಉತ್ತರಗಳನ್ನು 1999ರಲ್ಲಿ ಪುಸ್ತಕವಾಗಿ ಹೊರತಂದರು. ಅದರಲ್ಲಿ ಒಂದು ಪ್ರಶ್ನೆ: ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಆಮೇಲೆ ಅದಕ್ಕೆ ಹೊಂದುವ ಒಂದು ಕಥೆ ಲೆಕ್ಕ ಮಾಡಿ. ಚೀನಾದವರೆಲ್ಲ ಉತ್ತರ ಸರಿ ತೆಗೆದರು, ಹತ್ತರಲ್ಲಿ ಒಂಬತ್ತು ಮಂದಿ ಸರಿಯಾದ ಕಥೆಯನ್ನೂ ಕಟ್ಟಿದರು. ಅಮೆರಿಕದವರಲ್ಲಿ ಉತ್ತರ ಸರಿ ತೆಗೆದವರು ಅರ್ಧಕ್ಕಿಂತ ಕಡಿಮೆ. ಸರಿಯಾದ ಕಥೆ ಕಟ್ಟಿದ್ದು ಒಬ್ಬರೇ ಒಬ್ಬರು.

ಉತ್ತರ ಮೂರೂವರೆ. ಆದರೆ ಕಥೆ? ‘ಒಂದೂಮುಕ್ಕಾಲು ರೊಟ್ಟಿಯನ್ನು ಇಬ್ಬರಿಗೆ ಸಮನಾಗಿ ಹಂಚಿ’ ಅಂತ ಹೇಳುವವರೇ ಹೆಚ್ಚು. ಅದು ಎರಡರಿಂದ ಭಾಗಿಸಿದ್ದು, ಅರ್ಧದಿಂದ ಅಲ್ಲ. ಉಪ್ಪಳ ಪೇಟೆಯ ಯಾವ ದಿನಸಿ ಅಂಗಡಿಯಲ್ಲಿ ಕೇಳಿದರೂ ಸರಿಯಾದ ಕಥೆ ಸಿಗುತ್ತದೆ: ಒಂದೂಮುಕ್ಕಾಲು ಕಿಲೋ ಸಕ್ಕರೆ ಇದೆ, ಅರ್ಧ ಕಿಲೋದ ಪೊಟ್ಟಣ ಕಟ್ಟಿದರೆ ಎಷ್ಟು ಪೊಟ್ಟಣ ಆಗುತ್ತದೆ? ಮೂರು ಪೂರ್ತಿ, ಇನ್ನೊಂದು ಅರ್ಧ ತುಂಬಿದ್ದು. ಮೂರೂವರೆ. ಇಷ್ಟನ್ನು ಹೇಳಬಲ್ಲ ಟೀಚರ್ ಇದ್ದರೆ, ಭಾಗಿಸಿದ ಮೇಲೆ ಸಂಖ್ಯೆ ದೊಡ್ಡದಾದದ್ದು ಹೇಗೆ ಅಂತ ಮಗು ಕೇಳಿದಾಗ ಉತ್ತರ ಇರುತ್ತದೆ. ‘ತಿರುವಿ ಗುಣಿಸು ಮಾರಾಯ, ಅಷ್ಟೇ’ ಎಂದು ಬಾಯಿ ಮುಚ್ಚಿಸಬೇಕಾಗಿಲ್ಲ.

ಶತಮಾನದ್ದೂ ಇದೇ ಕಥೆ. ನೂರು ರೂಪಾಯಿಯ ಸರಕಿಗೆ ಶೇ. 20 ಏರಿಸಿ, ಆಮೇಲೆ ಶೇ. 20 ರಿಯಾಯಿತಿ ಕೊಟ್ಟರೆ ಮತ್ತೆ ನೂರಕ್ಕೇ ಬಂತು ಅಂತ ಪದವೀಧರರೂ ಹೇಳುತ್ತಾರೆ. ಬರುವುದು 96. ಏರಿಸಿದ್ದು ನೂರರ ಮೇಲೆ, ಇಳಿಸಿದ್ದು 120ರ ಮೇಲೆ. ವ್ಯಾಪಾರದಲ್ಲಿ ಈ ತಪ್ಪು ಮಾಡಿದವನಿಗೆ ನಾಲ್ಕು ರೂಪಾಯಿ ಹೋದ ಮೇಲಾದರೂ ಬುದ್ಧಿ ಬರುತ್ತದೆ. ತರಗತಿಯಲ್ಲಿ ಹೋದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಟೆಟ್ ರೂಪಿಸಿದವರಿಗೆ ಇದು ತಿಳಿಯದ್ದೇನಲ್ಲ. ಸಿ-ಟೆಟ್ ಮೊದಲ ಪತ್ರಿಕೆಯ ಗಣಿತದಲ್ಲಿ 15 ಪ್ರಶ್ನೆ ವಿಷಯದ ಮೇಲೆ, 15 ಬೋಧನೆಯ ಮೇಲೆ. ಎರಡನೇ ಪತ್ರಿಕೆಯಲ್ಲಿ ಗಣಿತದ 30ರಲ್ಲಿ 20 ವಿಷಯ, 10 ಬೋಧನೆ. ಬೋಧನೆಯ ಪ್ರಶ್ನೆ ಹೇಗಿರಬಹುದು ಅಂದರೆ, ಒಂದು ಮಗು 52ರಿಂದ 27 ಕಳೆದು 35 ಬರೆದಿದೆ, ಕಾರಣ ಏನು? ‘ಮಗುವಿನ ಅಜಾಗರೂಕತೆ’ ಎಂಬ ಆಯ್ಕೆ ಅಲ್ಲಿ ಕಾದು ಕೂತಿರುತ್ತದೆ. ನಿಜವಾಗಿ ಆದದ್ದು ಬೇರೆ. ಎರಡರಿಂದ ಏಳು ಹೋಗುವುದಿಲ್ಲ ಅಂತ ಮಗು ಏಳರಿಂದ ಎರಡನ್ನು ಕಳೆದಿದೆ. ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂಬ ತನ್ನದೇ ನಿಯಮವೊಂದನ್ನು ಮಾಡಿಕೊಂಡಿದೆ. ಅಂಥ ಮಗುವಿಗೆ ‘ಸರಿಯಾಗಿ ಮಾಡು’ ಎಂದರೆ ಅದೇ ತಪ್ಪನ್ನು ಇನ್ನೂ ಜಾಗ್ರತೆಯಿಂದ ಮಾಡುತ್ತದೆ. ಒಂದು ಹತ್ತನ್ನು ಬಿಡಿಸಿ ಹತ್ತು ಬಿಡಿ ಮಾಡುವುದನ್ನು ಕಡ್ಡಿ ಕಟ್ಟಿನಲ್ಲೋ, ಹತ್ತರ ನೋಟು ಕೊಟ್ಟು ಚಿಲ್ಲರೆ ತೆಗೆಯುವುದರಲ್ಲೋ ತೋರಿಸಬೇಕು.

ಪರೀಕ್ಷೆ ಬರೆಯುವುದೇ ಒಂದು ಪಾಠ

ಪರೀಕ್ಷೆ ಎಂದರೆ ಅಳೆಯುವ ಕೋಲು ಎಂಬುದು ಸಾಮಾನ್ಯ ನಂಬಿಕೆ. ಮನಶ್ಶಾಸ್ತ್ರದ ಪ್ರಯೋಗಗಳು ಹೇಳುವುದು ಇದಕ್ಕಿಂತ ಹೆಚ್ಚಿನದನ್ನು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಕೊಟ್ಟರು. ಒಂದು ಗುಂಪು ಅದನ್ನು ನಾಲ್ಕು ಅವಧಿಗಳಲ್ಲಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದು: ಅವರಿಗೆ ಶೇ. 83, ಇವರಿಗೆ 71. ಒಂದು ವಾರ ಬಿಟ್ಟು ಕೇಳಿದಾಗ ತಿರುವುಮುರುವು: ಓದಿದವರಿಗೆ ಶೇ. 40, ಬರೆದವರಿಗೆ 61. ಮದ್ರಸದಲ್ಲಿ ಪಾಠ ಒಪ್ಪಿಸಿ ಬೆಳೆದವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ನೋಡಿ ಓದಿದ್ದು ಉಸ್ತಾದರ ಮುಂದೆ ನಿಂತಾಗ ಹಾರಿಹೋಗುತ್ತದೆ, ಒಪ್ಪಿಸಿ ಒಪ್ಪಿಸಿ ಕಲಿತದ್ದು ಉಳಿಯುತ್ತದೆ.

ಅದು ಗದ್ಯದ ಮಾತು, ಗಣಿತದ್ದಲ್ಲ ಅಂತ ಯಾರಾದರೂ ಕೇಳಬಹುದು. ಗಣಿತದಲ್ಲಿ ರೋರರ್ ಮತ್ತು ಟೇಲರ್ 2007ರಲ್ಲಿ ಪ್ರಕಟಿಸಿದ ಪ್ರಯೋಗವಿದೆ. ಕಾಲೇಜು ವಿದ್ಯಾರ್ಥಿಗಳಿಗೆ ಹೊಸದಾದ ಕೆಲವು ಘನಾಕೃತಿಗಳ ಗಾತ್ರ ಕಂಡುಹಿಡಿಯಲು ಕಲಿಸಿದರು. ಒಂದು ಗುಂಪಿಗೆ ಒಂದೊಂದು ಬಗೆಯ ಲೆಕ್ಕವನ್ನು ಒಟ್ಟೊಟ್ಟಿಗೆ ಕೊಟ್ಟರು, ಇನ್ನೊಂದಕ್ಕೆ ಎಲ್ಲವನ್ನೂ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಮೊದಲ ಗುಂಪು ಶೇ. 89 ಸರಿ ಮಾಡಿತು, ಕಲಸಿ ಮಾಡಿದವರು 60. ವಾರದ ನಂತರದ ಪರೀಕ್ಷೆಯಲ್ಲಿ ಮೊದಲ ಗುಂಪಿಗೆ ಶೇ. 20, ಕಲಸಿ ಮಾಡಿದವರಿಗೆ 63.

ತರಬೇತಿ ತರಗತಿಗಳಲ್ಲಿ ಮಾಮೂಲಾಗಿ ನಡೆಯುವುದು ಮೊದಲ ಗುಂಪಿನ ದಾರಿ. ಈ ತಿಂಗಳು ಭಿನ್ನರಾಶಿ, ಅದರ ಟೆಸ್ಟ್, ಎಲ್ಲರಿಗೂ ಒಳ್ಳೆ ಅಂಕ, ಎಲ್ಲರಿಗೂ ಖುಷಿ. ಮುಂದಿನ ತಿಂಗಳು ವಿಸ್ತೀರ್ಣ. ಭಿನ್ನರಾಶಿ ಮತ್ತೆ ಕಾಣಿಸುವುದು ಕೊನೆಯ ಪರೀಕ್ಷೆಯಲ್ಲಿ. ಅಷ್ಟರಲ್ಲಿ ಅದು ಹೋಗಿಯಾಗಿದೆ. ಯಾವ ಲೆಕ್ಕಕ್ಕೆ ಯಾವ ದಾರಿ ಎಂದು ಆರಿಸುವ ಕೆಲಸವನ್ನೇ ಅಧ್ಯಾಯವಾರು ಟೆಸ್ಟ್ ಕೇಳುವುದಿಲ್ಲ, ಮೇಲೆ ‘ಲ.ಸಾ.ಅ.’ ಅಂತ ತಲೆಬರಹ ಇದ್ದರೆ ಅದನ್ನೇ ಹಾಕಿದರಾಯಿತು. ಕಲಸಿದ ಮಾಕ್ ಟೆಸ್ಟ್‌ನಲ್ಲಿ ಅಂಕ ಕಡಿಮೆ ಬರುತ್ತದೆ, ಬರೆದವರಿಗೆ ಬೇಜಾರಾಗುತ್ತದೆ, ಆ್ಯಪ್‌ನವರಿಗೆ ಗಿರಾಕಿ ಹೋಗುವ ಹೆದರಿಕೆ. ಆದರೂ ಕೆಲಸಕ್ಕೆ ಬರುವುದು ಅದೇ.

ಇನ್ನು ಮುಖ್ಯವಾದದ್ದು, ಮಾಕ್ ಟೆಸ್ಟ್‌ನಿಂದ ತರಬೇತಿ ಸಂಸ್ಥೆ ತಾನೇ ಏನು ಕಲಿಯುತ್ತದೆ ಎಂಬುದು. ಬಿ.ಎಡ್ ಈಗ ಎರಡು ವರ್ಷದ್ದು, ಡಿ.ಎಲ್.ಎಡ್ ಕೂಡ ಎರಡು ವರ್ಷ. ಕೊನೆಯ ತಿಂಗಳಲ್ಲಿ ಮಾಕ್ ಟೆಸ್ಟ್ ಬರೆಸಿದರೆ ಅದು ಮಳೆ ನಿಂತ ಮೇಲೆ ಹಂಚು ಸರಿ ಮಾಡಿದ ಹಾಗೆ. ಮೊದಲ ವಾರವೇ ಒಂದು ಪತ್ರಿಕೆ ಕೊಡಬೇಕು. ಅಂಕ ಯಾರಿಗೂ ಹೇಳಬೇಕಾಗಿಲ್ಲ. ಆಮೇಲೆ ಪ್ರಶ್ನೆಗಳನ್ನು ಒಂದೊಂದಾಗಿ ತೆಗೆದು, ಎಷ್ಟು ಮಂದಿ ಯಾವ ಆಯ್ಕೆಗೆ ಗುರುತು ಹಾಕಿದರು ಅಂತ ಒಂದು ಪಟ್ಟಿ ಮಾಡಬೇಕು. ಉದಾಹರಣೆಗೆ 25 ಮಂದಿಯ ತರಗತಿಯಲ್ಲಿ 0.5 ಮತ್ತು 0.35ರಲ್ಲಿ ಯಾವುದು ದೊಡ್ಡದು ಎಂದು ಮಗು ಹೇಗೆ ತಪ್ಪುತ್ತದೆ ಎಂಬ ಪ್ರಶ್ನೆಗೆ 18 ಮಂದಿ ಒಂದೇ ತಪ್ಪು ಆಯ್ಕೆಯನ್ನು ಹಾಕಿದರು ಅಂತಿಟ್ಟುಕೊಳ್ಳಿ. ಆ 18 ಮಂದಿ ದಡ್ಡರಲ್ಲ. ಅವರಿಗೆ ಹಾಗೆಯೇ ಕಲಿಸಲಾಗಿದೆ, ಅಥವಾ ಕಲಿಸಿಯೇ ಇಲ್ಲ. ಆಗ ಬದಲಾಗಬೇಕಾದದ್ದು ಮುಂದಿನ ತಿಂಗಳ ಪಾಠದ ಪಟ್ಟಿ. ಒಬ್ಬಿಬ್ಬರು ಮಾತ್ರ ತಪ್ಪಿದ್ದರೆ ಅದು ಅವರ ವೈಯಕ್ತಿಕ ವಿಷಯ, ಪಕ್ಕಕ್ಕೆ ಕರೆದು ಹೇಳಿಕೊಟ್ಟರೆ ಆಯಿತು. ಎಲ್ಲರೂ ಸರಿ ಮಾಡಿದ ಪ್ರಶ್ನೆ ಇದ್ದರೆ ಅದಕ್ಕೆ ಒಂದು ವಾರ ಕಳೆಯುವ ಅಗತ್ಯವೇ ಇಲ್ಲ, ಸಿಲೆಬಸ್‌ನಲ್ಲಿ ಎಷ್ಟೇ ದೊಡ್ಡ ಅಧ್ಯಾಯ ಇರಲಿ.

ಇದಕ್ಕೆ ಸಾಫ್ಟ್‌ವೇರ್ ಬೇಡ. ಒಂದು ಲೆಡ್ಜರ್ ಪುಸ್ತಕ, ಅಥವಾ ಎಕ್ಸೆಲ್ ಬರುವ ಒಬ್ಬ ಬಿ.ಕಾಂ. ಹುಡುಗ ಸಾಕು. ಪ್ರಶ್ನೆಪತ್ರಿಕೆಗೂ ದುಡ್ಡು ಕೊಡಬೇಕಾಗಿಲ್ಲ. ಹಿಂದಿನ ವರ್ಷಗಳ ಸಿ-ಟೆಟ್, ಕೆ-ಟೆಟ್ ಪತ್ರಿಕೆಗಳೂ ಉತ್ತರ ಸೂಚಿಗಳೂ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಕೇರಳ ಪಿಎಸ್‌ಸಿಯ ಕನ್ನಡ ಮಾಧ್ಯಮ ಹುದ್ದೆಗಳಿಗೆ ಕಣ್ಣಿಟ್ಟವರು ಒಂದು ವ್ಯತ್ಯಾಸ ನೆನಪಿಡಬೇಕು: ಟೆಟ್‌ನಲ್ಲಿ ಅಂದಾಜು ಗುರುತಿಗೆ ದಂಡ ಇಲ್ಲ, ಪಿಎಸ್‌ಸಿಯಲ್ಲಿ ಪ್ರತಿ ತಪ್ಪಿಗೆ ಮೂರನೇ ಒಂದು ಅಂಕ ಹೋಗುತ್ತದೆ. ಟೆಟ್ ಮಾಕ್ ಟೆಸ್ಟ್‌ನಲ್ಲಿ ರೂಢಿಯಾದ ಕಣ್ಣುಮುಚ್ಚಿ ಗುರುತು ಹಾಕುವ ಚಾಳಿ ಅಲ್ಲಿ ಕೈಕೊಡುತ್ತದೆ.

ಕನ್ನಡದಲ್ಲಿ ಹೇಳಲು ಬರುತ್ತದೆಯೇ?

ಕಾಸರಗೋಡಿಗೆ ಇನ್ನೊಂದು ತೊಡಕು ಇದೆ, ಅದು ಬೇರೆ ಜಿಲ್ಲೆಯವರಿಗೆ ಅಷ್ಟು ಬೇಗ ಅರ್ಥವಾಗುವುದಿಲ್ಲ. 1956ರ ನವೆಂಬರ್ 1ರಂದು ಈ ಊರುಗಳು ದಕ್ಷಿಣ ಕನ್ನಡದಿಂದ ಬೇರೆಯಾಗಿ ಕೇರಳಕ್ಕೆ ಸೇರಿದವು. ಕನ್ನಡ ಮಾಧ್ಯಮ ಶಾಲೆಗಳು ಉಳಿದವು. ಕನ್ನಡ ಮಾಧ್ಯಮಕ್ಕೆಂದೇ ಪಿಎಸ್‌ಸಿ ಬೇರೆ ಹುದ್ದೆಗಳನ್ನು ಕರೆಯುತ್ತದೆ, ಹೈಸ್ಕೂಲ್ ಗಣಿತ ಕೂಡ ಅದರಲ್ಲಿ ಸೇರಿದೆ. ಆದರೂ ಕನ್ನಡ ಸರಿಯಾಗಿ ಬಾರದವರು ಕನ್ನಡ ತರಗತಿಗೆ ಗಣಿತ ಶಿಕ್ಷಕರಾಗಿ ಬಂದದ್ದು, ಮಕ್ಕಳೂ ಪೋಷಕರೂ ಪ್ರತಿಭಟನೆಗೆ ಕೂತದ್ದು ಮಂಜೇಶ್ವರ, ಕಾಸರಗೋಡು ತಾಲೂಕಿನವರಿಗೆ ಹೊಸ ಸುದ್ದಿಯಲ್ಲ. ಗಣಿತಕ್ಕೆ ಭಾಷೆ ಯಾಕೆ, ಬೋರ್ಡಿನ ಮೇಲೆ ಲೆಕ್ಕ ಮಾಡಿದರೆ ಸಾಲದೇ ಎಂದು ಕೇಳಿದವರೂ ಇದ್ದಾರೆ. 52ರಿಂದ 27 ಕಳೆದ ಆ ಮಗುವಿನ ತಪ್ಪನ್ನು ಬೋರ್ಡ್ ಮಾತ್ರ ತಿದ್ದುವುದಿಲ್ಲ. ಮಗು ಏನು ಯೋಚಿಸಿತು ಅಂತ ಕೇಳಬೇಕು, ಮಗು ಹೇಳಿದ್ದು ಟೀಚರ್‌ಗೆ ಅರ್ಥವಾಗಬೇಕು.

ಬ್ಯಾರಿ ಮನೆಯ ಮಗುವಿನ ವಿಷಯದಲ್ಲಿ ಇದು ಇನ್ನೂ ಒಂದು ಸುತ್ತು ಹೆಚ್ಚು. ಮನೆಯಲ್ಲಿ ಬ್ಯಾರಿ, ರಸ್ತೆಯಲ್ಲಿ ತುಳು ಅಥವಾ ಮಲಯಾಳ, ಶಾಲೆಯಲ್ಲಿ ಕನ್ನಡ, ಮುಂದೆ ಹೋದಂತೆ ಇಂಗ್ಲಿಷ್. ‘ಅಂಶ, ಛೇದ’ ಎಂಬ ಪದಗಳು ಆ ಮಗುವಿನ ದಿನಬಳಕೆಯ ಮಾತಿನಲ್ಲಿ ಇಲ್ಲ. ಆದರೆ ಕಾಲು, ಅರೆ, ಮುಕ್ಕಾಲು ಎಂಬವು ಕನ್ನಡದಲ್ಲೂ ಇವೆ, ಸ್ವಲ್ಪ ಉಚ್ಚಾರ ಬದಲಾಗಿ ಮನೆಯ ಮಾತಿನಲ್ಲೂ ಇವೆ. ಮುಕ್ಕಾಲು ಎಂದರೆ ಮೂರು ಕಾಲು. ನಾಲ್ಕರಲ್ಲಿ ಮೂರು ಎಂಬ ಪಾಠ ಆ ಪದದೊಳಗೇ ಕೂತಿದೆ. ಈ ಎಳೆ ಹಿಡಿಯಬಲ್ಲ ಟೀಚರ್ ಯಾರು? ಇದೇ ಮಣ್ಣಿನಲ್ಲಿ ಬೆಳೆದು, ಇದೇ ನಾಲ್ಕು ಭಾಷೆಯಲ್ಲಿ ಚಿಲ್ಲರೆ ಎಣಿಸಿದವರು. ಸಮುದಾಯದ ಹೆಣ್ಣುಮಕ್ಕಳಿಗೆ ಈ ಕೆಲಸದಲ್ಲಿ ಬೇರೆಯವರಿಗೆ ಇಲ್ಲದ ಅನುಕೂಲ ಇದೆ ಎಂಬುದನ್ನು ಯಾರೂ ಅವರಿಗೆ ಹೇಳಿದ ಹಾಗಿಲ್ಲ.

ಟೆಟ್ ಇದನ್ನು ಅಳೆಯುವುದಿಲ್ಲ. ಕೆ-ಟೆಟ್‌ನಲ್ಲಿ ಒಂದನೇ ಭಾಷೆಯಾಗಿ ಕನ್ನಡ ತೆಗೆದುಕೊಳ್ಳಬಹುದು, ಸಿ-ಟೆಟ್‌ನಲ್ಲೂ ಕನ್ನಡ ಭಾಷಾ ವಿಭಾಗ ಇದೆ. ಆದರೆ ಸಿ-ಟೆಟ್‌ನ ಗಣಿತದ ಪ್ರಶ್ನೆಗಳು ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಮಾತ್ರ. ಕನ್ನಡದಲ್ಲಿ ಗಣಿತ ವಿವರಿಸಲು ಬರುತ್ತದೆಯೇ ಎಂಬುದನ್ನು ಗುರುತು ಹಾಕುವ ಪರೀಕ್ಷೆ ಹೇಗೂ ಹೇಳಲಾರದು. ಅದನ್ನು ನೋಡಬೇಕಾದದ್ದು ತರಬೇತಿಯ ಹೊತ್ತಿನಲ್ಲಿ. ಮಾಯಿಪ್ಪಾಡಿಯ ಡಯಟ್ ಇರಲಿ, ಖಾಸಗಿ ಕಾಲೇಜಿರಲಿ, ಮಾದರಿ ಪರೀಕ್ಷೆ ಎಂದರೆ ಓಎಂಆರ್ ಒಂದೇ ಆಗಬೇಕಾಗಿಲ್ಲ. ಐದು ನಿಮಿಷ ಎದ್ದು ನಿಂತು, ನಾಲ್ಕನೇ ತರಗತಿಯ ಮಗುವಿಗೆ ಅರ್ಧ ಮತ್ತು ಮೂರನೇ ಒಂದು ಕೂಡಿದರೆ ಐದರಲ್ಲಿ ಎರಡು ಯಾಕಾಗುವುದಿಲ್ಲ ಅಂತ ಕನ್ನಡದಲ್ಲಿ ಹೇಳಿ ಎಂದರೆ ಸಾಕು. ಎರಡು ವರ್ಷದ ತರಬೇತಿಯ ಬಲಾಬಲ ಐದೇ ನಿಮಿಷದಲ್ಲಿ ಹೊರಗೆ ಬರುತ್ತದೆ. ಹೇಳುವವರು ಸುಮ್ಮನೆ ‘ಛೇದ ಸಮ ಮಾಡಬೇಕು’ ಎಂದಷ್ಟೇ ಹೇಳಿ ನಿಂತರೆ ನಿಯಮ ಗೊತ್ತು, ಕಾರಣ ಗೊತ್ತಿಲ್ಲ ಅಂತ ಅರ್ಥ. ಐದರಲ್ಲಿ ಎರಡು ಅರ್ಧಕ್ಕಿಂತಲೂ ಚಿಕ್ಕದು, ಅರ್ಧಕ್ಕೆ ಏನನ್ನೋ ಕೂಡಿಸಿದ ಮೇಲೆ ಅರ್ಧಕ್ಕಿಂತ ಚಿಕ್ಕದಾಗುವುದು ಹೇಗೆ ಎಂದು ಮಗುವಿಗೇ ಮರುಪ್ರಶ್ನೆ ಹಾಕಿದವರಿಗೆ ಕೆಲಸ ಗೊತ್ತು.

ಹಳಬರ ಸಂಕಟ

ಸೇವೆಯಲ್ಲಿ ಇರುವ ಹಿರಿಯ ಶಿಕ್ಷಕರ ವಿಷಯ ಬೇರೆಯದೇ ತೆರನಾದದ್ದು. ನಲವತ್ತೆಂಟು ವರ್ಷದ ಮೇಷ್ಟ್ರು ತಾನೇ ಕಲಿಸಿದ ಹುಡುಗನ ಪಕ್ಕದ ಬೆಂಚಿನಲ್ಲಿ ಕೂತು ಪರೀಕ್ಷೆ ಬರೆಯುವುದು ಸುಲಭದ ಮಾತಲ್ಲ. ಕೋಚಿಂಗ್ ಗ್ರೂಪ್‌ಗಳಲ್ಲಿ ಪ್ರತಿ ಭಾನುವಾರ ಹೆಸರು ಸಮೇತ ಅಂಕಪಟ್ಟಿ ಹಾಕುವ ಚಟವಿದೆ. ಇದು ಯುವಕರನ್ನು ಹುರಿದುಂಬಿಸಬಹುದು, ಹಿರಿಯರನ್ನು ಮಾತ್ರ ಗ್ರೂಪ್‌ನಿಂದ ಓಡಿಸುತ್ತದೆ. ಮಾಕ್ ಟೆಸ್ಟ್‌ನಿಂದ ಕಲಿಯಬೇಕಾದರೆ ತಪ್ಪು ಮಾಡಲು ಹೆದರಿಕೆ ಇರಬಾರದು. ಹೆಸರಿನ ಬದಲು ನಂಬರ್ ಹಾಕಿ, ಅಂಕದ ಬದಲು ತಪ್ಪಿನ ಪಟ್ಟಿ ಹಾಕಿದರೆ ಅದೇ ಗ್ರೂಪ್ ಬೇರೆ ಥರ ಕೆಲಸ ಮಾಡುತ್ತದೆ.

ಇಷ್ಟಕ್ಕೂ ಇಪ್ಪತ್ತು ವರ್ಷ ತರಗತಿಯಲ್ಲಿ ನಿಂತವರಿಗೆ ಬೋಧನೆಯ 15 ಪ್ರಶ್ನೆಗಳಲ್ಲಿ ಅನುಕೂಲವೇ ಇರಬೇಕು, ಮಕ್ಕಳ ತಪ್ಪುಗಳನ್ನು ಅವರಷ್ಟು ನೋಡಿದವರು ಯಾರು? ಅವರಿಗೆ ಅಡ್ಡ ಬರುವುದು ಪ್ರಶ್ನೆಯ ಭಾಷೆ, ಒಂದು ನಿಮಿಷದ ಅವಸರ ಮತ್ತು ಸಿದ್ಧಾಂತಿಗಳ ಹೆಸರು. ಅದಕ್ಕೆ ಆರು ತಿಂಗಳ ಅಭ್ಯಾಸ ಬೇಕು, ಅವಮಾನ ಬೇಡ. ಅವರು ಅನುಭವದಿಂದ ಕಂಡ ಮಕ್ಕಳ ತಪ್ಪುಗಳನ್ನು ಹೊಸಬರು ಬರೆದಿಟ್ಟುಕೊಂಡು, ಹೊಸಬರಿಗೆ ಗೊತ್ತಿರುವ ಓಎಂಆರ್ ಓಟವನ್ನು ಹಳಬರಿಗೆ ಹೇಳಿಕೊಟ್ಟರೆ ಇಬ್ಬರಿಗೂ ಲಾಭ. ಇದು ದುಡ್ಡಿಲ್ಲದೆ ಆಗುವ ವ್ಯಾಪಾರ.

ಟೆಟ್ ಬಂದ ಕೂಡಲೇ ಶಾಲೆ ಸುಧಾರಿಸುತ್ತದೆ ಎಂದು ನಂಬುವುದು ಅತಿಯಾಯಿತು. ಪರೀಕ್ಷೆಗಾಗಿಯೇ ಕಲಿಸುವ ರೋಗ ಶಿಕ್ಷಕರ ತರಬೇತಿಗೂ ಅಂಟುವ ಅಪಾಯ ನಿಜ. 2010ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು ಟೆಟ್ ಅನ್ನು ಕನಿಷ್ಠ ಅರ್ಹತೆಯ ಭಾಗ ಮಾಡಿದ ಮೇಲೆ ಒಂದು ದಶಕಕ್ಕೂ ಹೆಚ್ಚು ಕಾಲ ಕಳೆದಿದೆ, 2021ರಲ್ಲಿ ಪ್ರಮಾಣಪತ್ರಕ್ಕೆ ಜೀವಮಾನದ ಮಾನ್ಯತೆಯೂ ಬಂತು. ಒಮ್ಮೆ ಪಾಸಾದರೆ ಮತ್ತೆ ಯಾರೂ ಕೇಳುವುದಿಲ್ಲ. ಹಾಗಾಗಿ ಗಣಿತದ ದೋಷ ತಿದ್ದಲು ಇರುವ ಅವಕಾಶ ಪಾಸಾಗುವ ಮೊದಲೇ, ತಯಾರಿಯ ತಿಂಗಳುಗಳಲ್ಲಿ.

ಸಮುದಾಯದ ಸಂಘ ಸಂಸ್ಥೆಗಳು ಎಸ್ಸೆಸ್ಸೆಲ್ಸಿ ಮಕ್ಕಳಿಗೆ, ನೀಟ್ ಮಕ್ಕಳಿಗೆ ಶಿಬಿರ ಮಾಡುತ್ತವೆ, ಸನ್ಮಾನ ಮಾಡುತ್ತವೆ. ಗಲ್ಫ್‌ನಲ್ಲಿ ಇರುವ ಅಣ್ಣಂದಿರು ಅದಕ್ಕೆ ಕೈಯೆತ್ತಿ ಕೊಡುತ್ತಾರೆ. ತಂಗಿಯ ಬಿ.ಎಡ್ ಫೀಸು ಕಟ್ಟುವವರೂ ಅವರೇ. ಆ ಫೀಸಿನ ನಂತರ ಏನಾಯಿತು ಎಂದು ಕೇಳುವ ರೂಢಿ ಇನ್ನೂ ಬಂದಿಲ್ಲ. ಮದ್ರಸ ಹಾಲ್ ಭಾನುವಾರ ಮಧ್ಯಾಹ್ನ ಖಾಲಿ ಇರುತ್ತದೆ. ಮೂವತ್ತು ಮಂದಿ ಕೂರಲು ಜಾಗ ಇದೆ, ಹಳೆಯ ಪ್ರಶ್ನೆಪತ್ರಿಕೆ ಪುಕ್ಕಟೆ. ಉತ್ತರ ಸೂಚಿ ನೋಡಿ ಅಂಕ ಹಾಕಿದ ಮೇಲೆ ಎಲ್ಲರಿಗೂ ಒಂದೊಂದು ಖಾಲಿ ಹಾಳೆ ಕೊಟ್ಟು, ತಪ್ಪಿದ ಮೂರು ಗಣಿತ ಪ್ರಶ್ನೆ ಆರಿಸಿ, ಯಾಕೆ ಆ ಉತ್ತರ ಸರಿ ಅನ್ನಿಸಿತು ಅಂತ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಹೇಳಬಹುದು. ಆ ಹಾಳೆಗಳನ್ನು ಒಟ್ಟುಮಾಡಿ ಓದಿದರೆ ಮುಂದಿನ ಭಾನುವಾರ ಏನು ಕಲಿಸಬೇಕು ಎಂಬುದು ಅದರಲ್ಲೇ ಸಿಗುತ್ತದೆ. ಹೆಚ್ಚಿನ ಖರ್ಚು ಮೂವತ್ತು ಹಾಳೆಯದ್ದು, ಹೆಚ್ಚಿನ ಸಮಯ ಒಂದು ಗಂಟೆಯದ್ದು.